ಶಾಲೆ ಬಿಟ್ಟ ಕಾರಣ

ಹೋದ ವರ್ಷದ ದೀಪಾವಳಿಗೆ ತವರಿಗೆ ಹೋಗಿದ್ದಾಗ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿಯವರು ಮನೆಗೆ ಬಂದರು. ಶಾಲೆಗೆ 60 ವರ್ಷ ತುಂಬುವ ಹೊತ್ತಿಗೆ ಒಂದು ಸ್ಮರಣ ಸಂಚಿಕೆ ತರಬೇಕೆಂದಿದ್ದೇವೆ, ಅದಕ್ಕೆ ‘ನಮ್ಮ ಸಾಧಕ ಹಳೆಯ ವಿದ್ಯಾರ್ಥಿಗಳು’ ಎಂಬ ತಲೆಬರಹದಲ್ಲಿ ಎರಡು ಪುಟ ಬರೆದುಕೊಡಿ ಎಂದು ಕೇಳಿದರು. ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿರುವುದರಿಂದ ಊರಿನ ಇಂಥ ಕೆಲಸಗಳು ನನ್ನ ಪಾಲಿಗೆ ಬರುತ್ತವೆ. ಒಪ್ಪಿಕೊಂಡೆ. ಒಬ್ಬ ಎಂಜಿನಿಯರ್, ಇಬ್ಬರು ಮೇಷ್ಟ್ರುಗಳು, ಸೈನ್ಯದಲ್ಲಿದ್ದು ಬಂದ ಒಬ್ಬರು, ಒಬ್ಬ ವೈದ್ಯೆ, ಇಷ್ಟಾದರೆ ಎರಡು ಪುಟ ತುಂಬುತ್ತದೆ ಎಂದು ಆ ಕ್ಷಣಕ್ಕೆ ಅನಿಸಿತ್ತು. ಇಸವಿಗಳು ತಪ್ಪಬಾರದೆಂಬ ಕಾರಣಕ್ಕೆ ಶಾಲೆಯ ದಾಖಲಾತಿ ಪುಸ್ತಕವನ್ನು ನೋಡಬೇಕೆಂದೆ. ಅದನ್ನು ಬಿಚ್ಚಿದ ಮೇಲೆ ಆ ಪುಟಗಳನ್ನು ಅವರು ಕೇಳಿದ ರೀತಿಯಲ್ಲಿ ಬರೆಯುವುದು ನನ್ನಿಂದ ಆಗಲಿಲ್ಲ.

ದಾಖಲಾತಿ ಪುಸ್ತಕ ಶಾಶ್ವತ ದಾಖಲೆ. ಮನೆಗೆ ಒಯ್ಯುವಂತಿಲ್ಲ. ಹಾಗಾಗಿ ಎರಡು ದಿನ ಬೆಳಿಗ್ಗೆಯೇ ಹೋಗಿ, ಶಾಲೆಯ ಜಗಲಿಯ ಮೇಲೆ ಮೇಜು ಹಾಕಿಸಿಕೊಂಡು ಕುಳಿತೆ. ಅಂಗಳದ ಟ್ಯಾಂಕಿಗೆ ನೀರು ಬಿಡಲು ಬಂದವರೊಬ್ಬರು ‘ಯಾವಾಗ ಬಂದ್ರಿ’ ಎಂದು ಕೇಳಿದರು. ‘ನಿನ್ನೆ’ ಎಂದು ಹೇಳಿ ನಾನು ಪುಟ ತಿರುಗಿಸಿದೆ. ದಾಖಲಾತಿ ಸಂಖ್ಯೆ, ಹೆಸರು, ತಂದೆಯ ಹೆಸರು, ಜಾತಿ, ಜನ್ಮದಿನಾಂಕ, ಹಿಂದೆ ಓದಿದ ಶಾಲೆ, ಸೇರಿದ ದಿನ, ಬಿಟ್ಟ ದಿನ, ಶಾಲೆ ಬಿಟ್ಟ ಕಾರಣ, ಕೊನೆಗೆ ಷರಾ. ಇಷ್ಟು ಕಲಂಗಳಲ್ಲಿ ಒಂದು ಮಗುವಿನ ಏಳು ವರ್ಷ ಮುಗಿಯುತ್ತದೆ. ಜನ್ಮದಿನಾಂಕದ ಕಲಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಹೆಚ್ಚಿನವರಿಗೆ ಜೂನ್ 1 ಎಂದೇ ಇದೆ. ಮಗು ಹುಟ್ಟಿದ್ದು ಸಸಿ ನೆಡುವಾಗಲೋ ಅಡಿಕೆಯ ಕೊನೆಕೊಯ್ಲಿನಲ್ಲೋ ಎಂಬುದಷ್ಟೇ ಮನೆಯವರಿಗೆ ನೆನಪಿರುತ್ತಿದ್ದ ಕಾಲದಲ್ಲಿ, ಶಾಲೆ ತೆರೆಯುವ ದಿನಕ್ಕೆ ವಯಸ್ಸು ಸರಿಹೊಂದುವಂತೆ ಮೇಷ್ಟ್ರು ಬರೆದುಕೊಂಡ ದಿನಾಂಕ ಅದು. ನನ್ನದೂ ಜೂನ್ 1.

ನಮ್ಮೂರು ಹೊಸನಗರ ತಾಲ್ಲೂಕಿನಲ್ಲಿ, ಹುಲಿಕಲ್ ಘಟ್ಟದ ಕಡೆಯ ಕಾಡಿನ ನಡುವೆ ಇದೆ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಹುಲಿಕಲ್ ಕೂಡ ಒಂದು. ಮನೆಗೂ ಮನೆಗೂ ನಡುವೆ ಒಂದು ತೋಟ, ಒಂದು ಗದ್ದೆಬಯಲು, ಕೆಲವೆಡೆ ಒಂದು ಇಡೀ ಗುಡ್ಡ. ಶಾಲೆ ಶುರುವಾದದ್ದು 1965ರಲ್ಲಿ. ದಾಖಲಾತಿ ಪುಸ್ತಕದ ಮೊದಲ ಎರಡು ಪುಟಗಳಲ್ಲಿ ‘ಹಿಂದೆ ಓದಿದ ಶಾಲೆ’ ಎಂಬ ಕಲಂ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ಅದರ ಹಿನ್ನೀರಿನಲ್ಲಿ ಹೋದವು. ಮೊದಲ ಪುಟದಲ್ಲಿರುವ ಮಕ್ಕಳಲ್ಲಿ ಹಲವರು ಅಲ್ಲಿಂದ ಎದ್ದುಬಂದ ಮನೆಗಳವರು. ಅವರು ಹಿಂದೆ ಓದಿದ ಶಾಲೆಯ ಊರಿನ ಹೆಸರನ್ನು ಮೇಷ್ಟ್ರು ದುಂಡಗೆ ಬರೆದಿದ್ದಾರೆ. ಆ ಊರುಗಳು ಈಗ ಭೂಪಟದಲ್ಲಿ ಇಲ್ಲ. ಹೀಗೆ ನಮ್ಮ ಶಾಲೆಯ ಮೊದಲ ವಿದ್ಯಾರ್ಥಿಗಳೇ ಬೇರೆಲ್ಲಿಂದಲೋ ಬಂದು ಇಲ್ಲಿ ತಲುಪಿದವರು ಎಂಬುದು, ಏಳು ವರ್ಷ ಅಲ್ಲೇ ಓದಿದ ನನಗೆ, ಐವತ್ತು ದಾಟಿದ ಮೇಲೆ ತಿಳಿಯಿತು.

ನಮ್ಮ ತರಗತಿ ಸೇರಿದ್ದು 1977ರ ಜೂನ್‌ನಲ್ಲಿ, ಸಂಖ್ಯೆ 204ರಿಂದ 222ರವರೆಗೆ. ಹಿಂದಿನ ಪುಟಗಳಿಗಿಂತ ಈ ಪುಟ ಬೇರೆಯಾಗಿ ಕಾಣುತ್ತದೆ, ಏಕೆಂದರೆ ಗೇಣಿ ಮಾಡುತ್ತಿದ್ದ ಮನೆಗಳ ಮಕ್ಕಳು ಇಲ್ಲಿ ಒಮ್ಮೆಗೇ ಹೆಚ್ಚಾಗಿದ್ದಾರೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಪ್ರಕಾರ ಡಿಕ್ಲರೇಷನ್ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ಅಲೆದು, ಉಳುತ್ತಿದ್ದ ಗದ್ದೆಯನ್ನು ತಮ್ಮದಾಗಿಸಿಕೊಳ್ಳುತ್ತಿದ್ದ ತಂದೆಯರು ಇವರು. ಅರ್ಜಿ ಓದಿ ಹೇಳಲು ಇನ್ನೊಬ್ಬರ ಮನೆಯ ಜಗಲಿಯ ಕೆಳಗೆ ನಿಂತು ಕಾದದ್ದು ಸಾಕೆನಿಸಿ ಅವರು ಮಕ್ಕಳನ್ನು ಶಾಲೆಗೆ ಕಳಿಸಿದರೆಂದು ನಾನು ನಂಬುತ್ತೇನೆ. ನನ್ನ ಅಪ್ಪಯ್ಯನೂ ಹಾಗೆ ನಿಂತು ಬಂದವನೇ.

ಇಬ್ಬರು ಮೇಷ್ಟ್ರು, ಏಳು ತರಗತಿ, ಎರಡು ಕೋಣೆ. ಮಧ್ಯಾಹ್ನ ಕೇರ್ ಸಂಸ್ಥೆಯ ನೆರವಿನ ಉಪ್ಪಿಟ್ಟು ಇದ್ದ ದಿನ ಹಾಜರಿ ಹೆಚ್ಚು. ಮಳೆಗಾಲದಲ್ಲಿ ಒದ್ದೆ ಕಂಬಳಿಕೊಪ್ಪೆಗಳನ್ನು ಗೋಡೆಯ ಗೂಟಕ್ಕೆ ನೇತುಹಾಕಿ, ಕಾಲಿಗೆ ಹತ್ತಿದ ಉಂಬಳಗಳನ್ನು ಕಿತ್ತೆಸೆದು ಕೂರುತ್ತಿದ್ದೆವು. ಇದನ್ನೆಲ್ಲ ಮಲೆನಾಡಿನವರು ಬಹಳ ಬರೆದಿದ್ದಾರೆ. ನಾನು ಹೇಳಬೇಕಾದದ್ದು ಏಳನೇ ತರಗತಿಯ ಆಚೆಯದು.

ಹೈಸ್ಕೂಲು ಇದ್ದದ್ದು ಹೋಬಳಿಯ ಊರಿನಲ್ಲಿ, ನಮ್ಮ ಶಾಲೆಯಿಂದ 11 ಕಿಲೋಮೀಟರ್ ದೂರದಲ್ಲಿ. ಬಸ್ಸು ಹಿಡಿಯಲು ಕೈಮರದವರೆಗೆ ನಾಲ್ಕು ಕಿಲೋಮೀಟರ್ ನಡೆಯಬೇಕು, ನಡುವೆ ಎರಡು ಹಳ್ಳ. ಅಡಿಕೆ ಮರದ ದಬ್ಬೆ ಜೋಡಿಸಿ ಕಟ್ಟಿದ ಕಾಲುಸಂಕ ಅವುಗಳ ಮೇಲೆ ಇರುತ್ತಿತ್ತು. ಆಷಾಢದ ಮಳೆಗೆ ವರ್ಷಕ್ಕೊಮ್ಮೆಯಾದರೂ ಕೊಚ್ಚಿಹೋಗುತ್ತಿತ್ತು. ಸಂಕ ಹೋದ ಮೇಲೆ ಶಾಲೆ ಇರುವುದು ಆಚೆ ದಡದಲ್ಲಿ, ಮಕ್ಕಳು ಈಚೆ ದಡದಲ್ಲಿ. ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾತು, ಅಂದರೆ ಎಂಟನೇ ತರಗತಿಗೆ ಹೊಸದಾಗಿ ಸೇರಿ ಇಂಗ್ಲಿಷ್ ಪಾಠ, ಬೀಜಗಣಿತ ಎಲ್ಲವೂ ಒಟ್ಟಿಗೆ ಮೈಮೇಲೆ ಬರುವ ತಿಂಗಳುಗಳು.

1984ರಲ್ಲಿ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಮುಗಿಸಿದವರು 11 ಮಂದಿ. ಹೈಸ್ಕೂಲಿಗೆ ಹೋದವರು ಐವರು. ಆ ಐವರನ್ನು ಆರಿಸಿದ್ದು ಪರೀಕ್ಷೆಯೇ ಎಂದು ನಾನು ದಶಕಗಳ ಕಾಲ ಭಾವಿಸಿದ್ದೆ. ದಾಖಲಾತಿ ಪುಸ್ತಕದ ಜೊತೆಗೆ ಅದೇ ಕಪಾಟಿನಲ್ಲಿದ್ದ ಅಂಕಪಟ್ಟಿಯನ್ನೂ ಇಟ್ಟುಕೊಂಡು ನೋಡಿದಾಗ ಆ ಭಾವನೆ ಉಳಿಯಲಿಲ್ಲ. ಒಬ್ಬನ ಮನೆ ಕೈಮರದ ಪಕ್ಕದಲ್ಲೇ ಇತ್ತು. ಇಬ್ಬರಿಗೆ ಹೋಬಳಿಯ ಊರಿನ ಹಾಸ್ಟೆಲ್‌ನಲ್ಲಿ ಜಾಗ ಸಿಕ್ಕಿತು. ಒಬ್ಬ ತೋಟದ ಮನೆಯ ಹುಡುಗ, ಶಿವಮೊಗ್ಗದ ಮಾವನ ಮನೆಗೆ ಹೋದ. ಐದನೆಯವಳು ನಾನು, ಹೋದ ಒಬ್ಬಳೇ ಹುಡುಗಿ. ನನ್ನ ಅತ್ತೆಯನ್ನು ಹೈಸ್ಕೂಲಿನ ಹಿಂದಿನ ಬೀದಿಗೆ ಕೊಟ್ಟಿದ್ದರು. ಅತ್ತೆಗೆ ಆ ವರ್ಷ ಬಾಣಂತನವಾಗಿ ಮನೆಯಲ್ಲಿ ಕೈಗೊಂದು ಜನ ಬೇಕಾಗಿದ್ದರಿಂದ ನನ್ನನ್ನು ಕರೆಸಿಕೊಂಡರು, ನಾನು ಮಗುವನ್ನೂ ಆಡಿಸಿದೆ, ಹೈಸ್ಕೂಲನ್ನೂ ಓದಿದೆ. ಅಂಕಪಟ್ಟಿಯಲ್ಲಿ ನನ್ನ ಸ್ಥಾನ ಆರನೆಯದು. ಮೊದಲ ಐವರಲ್ಲಿ ಮೂವರು ಹೈಸ್ಕೂಲಿನ ಮೆಟ್ಟಿಲು ಹತ್ತಲಿಲ್ಲ.

ಆಮೇಲಿನ ಮೂರು ತಿಂಗಳು, ರಜಾದಿನಗಳಲ್ಲಿ, ನಾನು ಒಬ್ಬೊಬ್ಬರನ್ನೇ ಹುಡುಕಿದೆ. ಫೋನಿನಲ್ಲಿ ಸಿಕ್ಕವರು ಕೆಲವರು, ಹೋಗಿ ಕಂಡವರು ಹಲವರು, ತೀರಿಕೊಂಡವರು ಇಬ್ಬರು.

ತೋಟದ ಮನೆಯ ಹುಡುಗ ಎಂಜಿನಿಯರ್ ಆಗಿ ಬೆಂಗಳೂರಿನಲ್ಲಿದ್ದಾನೆ, ಚೆನ್ನಾಗಿದ್ದಾನೆ, ಊರಿನ ಮನೆಗೆ ಬೀಗ ಹಾಕಿದೆ. ಇಬ್ಬರು ಏಳಕ್ಕೇ ಬಿಟ್ಟು ಬೆಂಗಳೂರಿನ ಹೋಟೆಲುಗಳಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿದರು. ಅವರಲ್ಲಿ ಒಬ್ಬ ಈಗ ತನ್ನದೇ ಸಣ್ಣ ಹೋಟೆಲು ನಡೆಸುತ್ತಾನೆ, ಇನ್ನೊಬ್ಬ ಊರಿಗೆ ಮರಳಿ ಬಂದು ಮದುವೆಮನೆಗಳ ಅಡುಗೆ ಹಿಡಿಯುತ್ತಾನೆ. ಹಾಸ್ಟೆಲ್ ಸಿಕ್ಕ ಇಬ್ಬರೂ ಸರ್ಕಾರಿ ನೌಕರಿ ಸೇರಿದರು. ಇವೆಲ್ಲ ಮಲೆನಾಡಿನ ಯಾವ ಊರಿನಲ್ಲಿ ಕೇಳಿದರೂ ಸಿಗುವ ಸಂಗತಿಗಳು.

ಆದರೆ ಆರನೇ ತರಗತಿಯ ನಡುವೆ ಟಿ.ಸಿ. ಪಡೆದು ಹೋದ ಹುಡುಗನೊಬ್ಬನ ಸಂಗತಿ ಹಾಗಲ್ಲ. ಅವನ ಮನೆ ಇದ್ದದ್ದು ವಾರಾಹಿ ಯೋಜನೆಯ ಮಾಣಿ ಜಲಾಶಯಕ್ಕೆ ಹೋದ ಜಾಗದಲ್ಲಿ. ನಮ್ಮ ಶಾಲೆಯ ಪಕ್ಕದ ಅಜ್ಜಿಮನೆಯಲ್ಲಿದ್ದು ಓದುತ್ತಿದ್ದ. 1989ರಲ್ಲಿ ಹೊಸಂಗಡಿಯ ಭೂಗತ ವಿದ್ಯುದಾಗಾರ ಕೆಲಸ ಶುರುಮಾಡುವುದಕ್ಕೆ ವರ್ಷಗಳ ಮೊದಲೇ ಅವರ ಮನೆಯವರು ಭದ್ರಾವತಿಯ ಕಡೆಗೆ ಹೋದರು, ಅವನನ್ನೂ ಕರೆದುಕೊಂಡು. ‘ಶಾಲೆ ಬಿಟ್ಟ ಕಾರಣ: ಪೋಷಕರು ಊರು ಬಿಟ್ಟಿದ್ದರಿಂದ’ ಎಂದು ಮೇಷ್ಟ್ರು ಬರೆದಿದ್ದಾರೆ. ಪುಸ್ತಕದ ಮೊದಲ ಪುಟದವರು ನೀರಿನಿಂದ ಎದ್ದು ಬಂದವರಾದರೆ, ಇವನು ನೀರಿಗಾಗಿ ಎದ್ದು ಹೋದವನು. ಹೊಸ ಊರಿನಲ್ಲಿ ಅವನು ಶಾಲೆಗೆ ಸೇರಲಿಲ್ಲ. ದೊಡ್ಡವನಾದ ಮೇಲೆ ಭದ್ರಾವತಿಯ ಕಾಗದದ ಕಾರ್ಖಾನೆಗೆ ಬರುವ ಲಾರಿಗಳಿಂದ ಮರದ ತುಂಡುಗಳನ್ನು ಇಳಿಸುವ ಗುತ್ತಿಗೆ ಕೆಲಸ ಹಿಡಿದ. 1936ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಸ್ಥಾಪನೆಯಾದ ಆ ಕಾರ್ಖಾನೆಗಾಗಿ ಮಲೆನಾಡಿನ ಗುಡ್ಡಗಳಲ್ಲಿ ಅಕೇಶಿಯಾ ಬೆಳೆಸಿದ್ದರು. ‘ಲಾರಿ ಚೀಟಿಲಿ ನಮ್ಮ ಹೊಸನಗರದ ಕಡೆ ಹೆಸರು ಕಂಡ್ರೆ ತುಂಡನ್ನ ಮೂಸಿ ನೋಡ್ತಿದ್ದೆ ಕಣೆ’ ಎಂದು ಅವನು ನನಗೆ ಹೇಳಿದ. 2015ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತು. ಈಗ ಒಂದು ಗೂಡ್ಸ್ ಆಟೋ ಓಡಿಸುತ್ತಾನೆ. ಮಗಳು ನರ್ಸಿಂಗ್ ಓದುತ್ತಿದ್ದಾಳೆಂದು ಮೂರು ಸಲ ಹೇಳಿದ.

ಇನ್ನೊಬ್ಬ ಕೊನೆಗಾರನಾದ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನು. ಶಾಲೆಯಲ್ಲಿ ಅವನಷ್ಟು ವೇಗವಾಗಿ ಮರ ಹತ್ತುವವರು ಇರಲಿಲ್ಲವಾದ್ದರಿಂದ ಅವನು ಅದಕ್ಕೇ ಹುಟ್ಟಿದವನೆಂದು ಎಲ್ಲರೂ ಅಂದುಕೊಂಡಿದ್ದರು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವನು ಮರ ಹತ್ತಿಲ್ಲ. ನಾನು ಹೋದಾಗ ಅವನ ಮಗ ಕಾರ್ಬನ್ ಫೈಬರ್ ದೋಟಿ ಹಿಡಿದು, ನೆಲದ ಮೇಲೆಯೇ ನಿಂತು ಕೊನೆ ಇಳಿಸುತ್ತಿದ್ದ. ತಂದೆ ಪಕ್ಕದಲ್ಲಿ ಮೊಣಕಾಲ ಮೇಲೆ ಕೈಯೂರಿ ಕುಳಿತು ಗೊನೆ ಎಲ್ಲಿ ಬೀಳಬೇಕೆಂದು ಹೇಳುತ್ತಿದ್ದ. ಊರಿನಲ್ಲಿ ಈಗಲೂ ಆ ಔಷಧಿಯನ್ನು, ಬೋರ್ಡೋ ದ್ರಾವಣವನ್ನು, ಕದಡಲು ಅವನನ್ನೇ ಕರೆಯುತ್ತಾರಂತೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಗೊತ್ತು. ಸುಣ್ಣ ಹಳತಾಗಿದ್ದರೆ ಎಷ್ಟು ಹೆಚ್ಚು ಹಾಕಬೇಕೆಂಬುದು ಅವನಿಗೆ ಗೊತ್ತು.

ಈಗ 217. ಅವಳ ಹೆಸರನ್ನು ಇಲ್ಲಿ ಬರೆಯುವುದು ಅವಳಿಗೆ ಇಷ್ಟವಿಲ್ಲ, ಆದ್ದರಿಂದ ಸಂಖ್ಯೆಯಿಂದಲೇ ಕರೆಯುತ್ತೇನೆ. ಏಳನೇ ತರಗತಿಯಲ್ಲಿ ಶಾಲೆಗೇ ಮೊದಲು ಬಂದವಳು ಅವಳು. ಕಾಲು, ಅರೆ, ಮುಕ್ಕಾಲು ಮಗ್ಗಿಗಳು ಬಾಯಿಗೆ ಬರುತ್ತಿದ್ದವು. ಅಡಿಕೆ ಸುಲಿತದ ಕಾಲದಲ್ಲಿ ಅವಳ ಅಮ್ಮ ಸುಲಿಯಲು ಹೋಗುವ ಮನೆಗೆ ರಾತ್ರಿ ತಾನೂ ಹೋಗಿ, ಮೆಟ್ಟುಗತ್ತಿಯ ಮುಂದೆ ಕುಳಿತವರೆಲ್ಲರ ಡಬ್ಬಗಳ ಲೆಕ್ಕವನ್ನು ಕಾಗದ ಪೆನ್ಸಿಲ್ ಇಲ್ಲದೆ ಇಡುತ್ತಿದ್ದಳು. ವಾರದ ಕೊನೆಗೆ ಮನೆಯ ಯಜಮಾನರ ಪುಸ್ತಕಕ್ಕೂ ಅವಳ ಬಾಯಿಲೆಕ್ಕಕ್ಕೂ ವ್ಯತ್ಯಾಸ ಬಂದರೆ ಪುಸ್ತಕವನ್ನೇ ಮತ್ತೆ ಕೂಡಿಸಿ ನೋಡುತ್ತಿದ್ದರು. ಅವಳನ್ನು ಹೈಸ್ಕೂಲಿಗೆ ಕಳಿಸಬೇಕೆಂದು ಮೇಷ್ಟ್ರು ಎರಡು ಸಲ ಅವಳ ಮನೆಗೆ ಹೋಗಿದ್ದರು. ಅವಳ ತಂದೆ ಸಿಟ್ಟಾಗಲಿಲ್ಲ, ಹೆಣ್ಣುಮಕ್ಕಳಿಗೆ ಓದು ಯಾಕೆ ಎಂದೂ ಹೇಳಲಿಲ್ಲ. ‘ಹಳ್ಳ ದಾಟಿಸೋಕೆ ದಿನಾ ನಾನು ಹೋಗ್ಬೇಕು ಮೇಷ್ಟ್ರೇ, ನಾನು ಹೋದ್ರೆ ಕೂಲಿ ಹೋಗತ್ತೆ’ ಎಂದಷ್ಟೇ ಹೇಳಿದರಂತೆ. ಇದನ್ನು ನನಗೆ ಹೇಳಿದ್ದು 217 ತಾನೇ, ನಲವತ್ತು ವರ್ಷಗಳ ಮೇಲೆ, ಅಪ್ಪನ ಮೇಲೆ ಯಾವ ದೂರೂ ಇಲ್ಲದ ದನಿಯಲ್ಲಿ. ದಾಖಲಾತಿ ಪುಸ್ತಕದಲ್ಲಿ ಅವಳ ಸಾಲಿನ ಕೊನೆಯಲ್ಲಿ ‘ಏಳನೇ ತರಗತಿ ತೇರ್ಗಡೆ’ ಎಂದಿದೆ. ಶಾಲೆ ಬಿಟ್ಟ ಕಾರಣವೆಂದು ತೇರ್ಗಡೆಯನ್ನೇ ಬರೆದಿದ್ದಾರೆ.

ಅದೇ ಪಂಚಾಯಿತಿಯ ಇನ್ನೊಂದು ಮಜರೆಗೆ ಅವಳನ್ನು ಮದುವೆಮಾಡಿ ಕೊಟ್ಟರು. ಅಲ್ಲಿ ಅಂಗನವಾಡಿ ಬಂದಾಗ ಅವಳೂ ಅರ್ಜಿ ಹಾಕಿದಳು. ಕಾರ್ಯಕರ್ತೆಯಾಗಲು ಎಸ್ಸೆಸ್ಸೆಲ್ಸಿ ಆಗಿರಬೇಕಿತ್ತು, ಆಗಿರಲಿಲ್ಲವಾದ್ದರಿಂದ ಸಹಾಯಕಿಯಾದಳು. ಒಲೆ ಹಚ್ಚುವುದು, ಮಕ್ಕಳನ್ನು ಮನೆಯಿಂದ ಕರೆತರುವುದು, ನೆಲ ಒರೆಸುವುದು ಅವಳ ಕೆಲಸ. 2000-01ರಲ್ಲಿ ಸ್ತ್ರೀಶಕ್ತಿ ಗುಂಪುಗಳು ಶುರುವಾದ ಮೇಲೆ ಅವಳ ಲೆಕ್ಕಕ್ಕೆ ಒಂದು ಪುಸ್ತಕ ಸಿಕ್ಕಿತು. ಈಗ ಎರಡು ಗುಂಪುಗಳ ಉಳಿತಾಯ, ಸಾಲ, ಬಡ್ಡಿಯ ಪುಸ್ತಕಗಳು ಅವಳ ಬಳಿಯೇ ಇವೆ. ನಾನು ನೋಡಿದೆ. ಗ್ರಂಥಾಲಯದಲ್ಲಿ ಮೂವತ್ತು ವರ್ಷ ರಿಜಿಸ್ಟರು ಬರೆದವಳು ನಾನು, ಅಷ್ಟು ಶುದ್ಧವಾದ ಪುಸ್ತಕವನ್ನು ನಾನು ಇಟ್ಟಿಲ್ಲ. ಬುದ್ಧಿ ಇದ್ದವರು ಹೇಗಾದರೂ ಮೇಲೆ ಬರುತ್ತಾರೆ ಎಂಬ ಮಾತನ್ನು ನಮ್ಮಲ್ಲಿ ಬಹಳ ಸುಲಭವಾಗಿ ಆಡುತ್ತೇವೆ, ಅದನ್ನು ಆಡುವವರು ಹೆಚ್ಚಾಗಿ ಮೇಲೆ ಬಂದವರು. ನಾನೂ ಆಡಿದ್ದೇನೆ. ಇನ್ನು ಆಡಲಾರೆ. ಅವಳ ಮತ್ತು ನನ್ನ ನಡುವಿನ ಅಂತರ 11 ಕಿಲೋಮೀಟರ್ ಮತ್ತು ಒಬ್ಬಳು ಅತ್ತೆ.

ಪುಸ್ತಕದ ಮುಂದಿನ ಪುಟಗಳು ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತವೆ. ದೊಡ್ಡ ಹಳ್ಳಕ್ಕೆ ಸೇತುವೆಯಾದ ಮೇಲಿನ ವರ್ಷಗಳಲ್ಲಿ ಹೈಸ್ಕೂಲಿಗೆ ಹೋದ ಹುಡುಗರ ಸಂಖ್ಯೆ ಏರುತ್ತದೆ. 2006-07ರಲ್ಲಿ ಎಂಟನೇ ತರಗತಿಗೆ ಸೇರಿದ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿತು. ಅಲ್ಲಿಂದ ಮುಂದೆ ಹುಡುಗಿಯರ ಸಾಲುಗಳಲ್ಲಿ ‘ಪ್ರೌಢಶಾಲೆಗೆ’ ಎಂಬ ಒಂದೇ ಪದ ಒಂದರ ಕೆಳಗೊಂದು ಇಳಿದುಹೋಗುತ್ತದೆ. ಮಲೆನಾಡಿನ ಏರಿನಲ್ಲಿ ಸೈಕಲ್ ತುಳಿಯುವುದಕ್ಕಿಂತ ತಳ್ಳುವುದೇ ಹೆಚ್ಚು ಎಂದು ಆಗ ಹಲವರು ಆಡಿಕೊಂಡಿದ್ದರು. ತಳ್ಳಿಕೊಂಡೇ ಹೋದರು ಆ ಹುಡುಗಿಯರು, ನಾಲ್ಕೈದು ಜನ ಒಟ್ಟಿಗೆ, ಹಾಗೆ ಒಟ್ಟಿಗೆ ಹೋಗುವುದು ಸಾಧ್ಯವಾದದ್ದೇ ಮನೆಯವರ ಭಯ ಕಡಿಮೆಯಾಗಲು ಸಾಕಾಯಿತು. 2009ರ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಪ್ರೌಢಶಾಲೆ 5 ಕಿಲೋಮೀಟರಿನೊಳಗೆ ಇರಬೇಕೆಂಬ ಗುರಿ ಇಟ್ಟುಕೊಂಡಿತ್ತು. ಆ ಐದು ಕಿಲೋಮೀಟರಿನ ನಡುವೆ ಎಷ್ಟು ಹಳ್ಳ ಬರುತ್ತವೆಂಬುದನ್ನೂ ಎಣಿಸಿಕೊಂಡರೆ ಮಾತ್ರ ಅದಕ್ಕೆ ನಮ್ಮ ಕಡೆ ಅರ್ಥವಿದೆ.

ಆ ಸೈಕಲ್‌ನ ಹುಡುಗಿಯರು ಈಗ ಎಲ್ಲಿದ್ದಾರೆಂದು ಕೇಳಿದರೆ ಊರಿನಲ್ಲಿ ಉತ್ತರ ತಟ್ಟನೆ ಬರುತ್ತದೆ: ಬೆಂಗಳೂರು, ಮಂಗಳೂರು, ಶಿವಮೊಗ್ಗ. ಒಬ್ಬಳು ಆಸ್ಪತ್ರೆಯಲ್ಲಿ, ಒಬ್ಬಳು ಬ್ಯಾಂಕಿನಲ್ಲಿ, ಇಬ್ಬರು ಶಾಲೆಗಳಲ್ಲಿ. ಅವರ ಮಕ್ಕಳು ಅಲ್ಲಿನ ಶಾಲೆಗಳಿಗೆ ಹೋಗುತ್ತಾರೆ. ಊರಿನಲ್ಲಿ ಉಳಿದವರ ಮಕ್ಕಳನ್ನು ಬೆಳಿಗ್ಗೆ ಎಂಟಕ್ಕೆ ಹಳದಿ ವ್ಯಾನು ಅದೇ ಸೇತುವೆಯ ಮೇಲೆ ಬಂದು ಇಂಗ್ಲಿಷ್ ಮಾಧ್ಯಮಕ್ಕೆ ಕರೆದೊಯ್ಯುತ್ತದೆ. ನಾನು ಹೋದ ದಿನ ನಮ್ಮ ಶಾಲೆಯಲ್ಲಿ ಏಳು ತರಗತಿಗೆ ಒಟ್ಟು ಒಂಬತ್ತು ಮಕ್ಕಳಿದ್ದರು, ಅವರಲ್ಲಿ ನಾಲ್ವರು ತೋಟದ ಕೆಲಸಕ್ಕೆ ಹೊರಗಿನಿಂದ ಬಂದ ಕುಟುಂಬಗಳವರು. ಅವರ ‘ಹಿಂದೆ ಓದಿದ ಶಾಲೆ’ಯ ಕಲಮಿನಲ್ಲಿ ನಾನು ಕೇಳಿರದ ಊರುಗಳಿವೆ. ವ್ಯಾನಿಗೆ ಮಕ್ಕಳನ್ನು ಹತ್ತಿಸುವವರನ್ನು ನಾನು ದೂರಲಾರೆ. ನನ್ನ ಮಗನನ್ನು ನಾನೂ ಶಿವಮೊಗ್ಗದ ಇಂಗ್ಲಿಷ್ ಶಾಲೆಗೇ ಸೇರಿಸಿದೆ. ಆದರೆ ಆ ಒಂಬತ್ತು ಮಕ್ಕಳಿಗೆ ಈ ಶಾಲೆ ಹತ್ತಿರದಲ್ಲೇ ಇರಬೇಕು. ದೂರ ಏನು ಮಾಡುತ್ತದೆಂಬುದನ್ನು ಬಲ್ಲ ನಾವು ಅದನ್ನಾದರೂ ಗಟ್ಟಿಯಾಗಿ ಕೇಳಬೇಕು.

ಸಂಚಿಕೆಗೆ ‘ಸಾಧಕರು’ ಎಂಬ ಪುಟದ ಬದಲು ನಮ್ಮ ತರಗತಿಯ ಎಲ್ಲರ ಪಟ್ಟಿ ಕೊಡುತ್ತೇನೆ, ಬೇರೆ ತರಗತಿಯವರೂ ಹೀಗೆಯೇ ಕೊಡಲಿ ಎಂದು ಮುಖ್ಯ ಶಿಕ್ಷಕಿಯವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ‘ಆಯ್ತು ಮೇಡಂ’ ಎಂದರು. ಹೆಸರು, ಈಗಿರುವ ಊರು, ಮಾಡುವ ಕೆಲಸ. ತೀರಿಕೊಂಡವರಿದ್ದರೆ ಆ ವರ್ಷ. 18 ಸಾಲುಗಳನ್ನು ನೀಟಾಗಿ ಬರೆದು, ತಪ್ಪಿದ್ದರೆ ತಿದ್ದಲಿ ಎಂದು ಅಂಗನವಾಡಿಗೆ ಹೋಗಿ 217ರ ಕೈಗೆ ಕೊಟ್ಟೆ. ಮಕ್ಕಳು ಉಂಡು ಮಲಗಿದ್ದರು. ಅವಳು ಸೆರಗಿನಿಂದ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಓದುವ ಮೊದಲು ಬೆರಳಿಟ್ಟು ಸಾಲುಗಳನ್ನು ಎಣಿಸಿದಳು.

‘204ರಿಂದ 222 ಅಂದ್ರೆ 19 ಆಗ್ಬೇಕಲ್ಲ ಮಾರಾಯ್ತಿ. ಒಂದು ಕಡಿಮೆ ಇದೆ.’

ಫೋನಿನಲ್ಲಿ ತೆಗೆದುಕೊಂಡಿದ್ದ ಪುಟದ ಚಿತ್ರವನ್ನು ಬಿಡಿಸಿ ನೋಡಿದೆವು. 209ರ ಸಾಲಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದಿತ್ತು. ‘ಸತತ ಗೈರುಹಾಜರಿ, ಹೆಸರು ತೆಗೆಯಲಾಗಿದೆ’ ಎಂದು ಷರಾ. ಎರಡನೇ ತರಗತಿಯಲ್ಲೇ. ನಾನು ಆ ಗೆರೆಯನ್ನು ಕಂಡು ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದೆ.

‘ದನ ಕಾಯಕ್ಕೆ ಹೋಗ್ತಿದ್ನಲ್ಲ, ಕಿಟಕಿ ಹತ್ರ ನಿಂತ್ಕೊಂಡು ನಮ್ಮ ಜೊತೆ ಮಗ್ಗಿ ಹೇಳ್ತಿದ್ದ, ಮರೆತ್ಯಾ? ಈಗ ಪಂಚಾಯ್ತಿ ನೀರುಗಂಟಿ ಅವನು. ಇಲ್ಲಿಗೂ ಅವನೇ ನೀರು ಬಿಡೋದು, ಶಾಲೆ ಟ್ಯಾಂಕಿಗೂ ಅವನೇ.’

ಜಗಲಿಯ ಮೇಲೆ ಕುಳಿತಿದ್ದ ನನ್ನನ್ನು ‘ಯಾವಾಗ ಬಂದ್ರಿ’ ಎಂದು ಕೇಳಿದವನು ಅವನೇ. ನಾನು ಪಟ್ಟಿಯ ನಡುವೆ ಒಂದು ಸಾಲು ಜಾಗ ಮಾಡಿಕೊಂಡು 209 ಎಂದು ಬರೆದೆ, ಹೆಸರು ಬರೆದೆ, ಕೆಲಸ ಬರೆದೆ, ಊರು ಎಂಬಲ್ಲಿ ನಮ್ಮೂರಿನ ಹೆಸರನ್ನೇ ಬರೆದೆ. ಬಿಟ್ಟ ಕಾರಣವನ್ನೂ ಸರಿಯಾಗಿ ಬರೆಯೋಣವೇ ಎಂದು ಅವಳನ್ನು ಕೇಳಿದೆ.

‘ಅದನ್ನ ಅವನ ಹತ್ರಾನೇ ಕೇಳಿ ಬರಿ. ಬೆಳಿಗ್ಗೆ ಆರೂವರೆಗೆ ಟ್ಯಾಂಕಿನ ಹತ್ರ ಇರ್ತಾನೆ’ ಎಂದಳು.

ಮರುದಿನ ಆರು ಗಂಟೆಗೇ ಹೋಗಿ ಶಾಲೆಯ ಜಗಲಿಯ ಮೇಲೆ ಕುಳಿತೆ.